ಬಾಣಂತಿಯ ನೀರು

ತುಪ್ಪ ಎರಡು ಕೆ.ಜಿ., ಕೆ.ಜಿ.ಗೆ ನೂರ ಅರವತ್ತರಂತೆ. ಒಣಕೊಬ್ಬರಿ, ಉತ್ತತ್ತಿ, ಅಂಟು, ಗಸಗಸೆ, ಬೆಲ್ಲ ಎಲ್ಲ ಸೇರಿ ಆರುನೂರರ ಹತ್ತಿರ. ಒಣಶುಂಠಿ, ಓಂಕಾಳು, ಮೆಣಸು, ಬೆಳ್ಳುಳ್ಳಿಗೆ ನೂರ ಎಂಬತ್ತು. ಇದ್ದಿಲು ಮೂಟೆಗೆ ತೊಂಬತ್ತು. ತಲೆಗೆ ಕಟ್ಟುವ ಉಣ್ಣೆಯ ಸ್ಕಾರ್ಫು, ಶಿವಾಜಿನಗರದಲ್ಲಿ ಚೌಕಾಸಿ ಮಾಡಿ, ಅರವತ್ತು. 1999ರ ಏಪ್ರಿಲ್ ತಿಂಗಳಲ್ಲಿ ಗರುಡಾಚಾರ್‌ಪಾಳ್ಯದಲ್ಲಿ ತನ್ನ ಸೊಸೆಯ ಬಾಣಂತನಕ್ಕೆ ಭೀಮಬಾಯಿ ಮಾಡಿದ ಖರ್ಚು ಇದು. ಮಗ ನಿಂಗಣ್ಣ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ತರುತ್ತಿದ್ದ ದಿನಗೂಲಿಯಲ್ಲಿ ಇಷ್ಟನ್ನು ಹೊಂದಿಸಿದ್ದಳೆಂದ ಮೇಲೆ ಆಕೆ ಜಿಪುಣಿಯಲ್ಲ, ಸೊಸೆಯ ಮೇಲೆ ಕಲ್ಲುಮನಸ್ಸಿನವಳೂ ಅಲ್ಲ. ದುಡ್ಡು ಕೊಡದೆ ಸಿಗುತ್ತಿದ್ದುದು ನನ್ನ ಬೋರಿನ ನೀರೊಂದೇ. ಆ ಒಂದನ್ನು ಮಾತ್ರ ಆಕೆ ಕೊಡಲಿಲ್ಲ.

ನಾನು ದೊಡ್ಡಮುನಿಯಮ್ಮ, ಆಕೆ ಇದ್ದ ರೂಮಿನ ಓನರು. ಪಾಳ್ಯದ ಹಳೇ ಊರಿನೊಳಗೆ ನಮ್ಮ ಮನೆ. ಹಿಂದಿನ ಅಂಗಳದಲ್ಲಿ ಒಂದು ಕಡೆ ಸಾಲಾಗಿ ಶೀಟಿನ ರೂಮುಗಳು, ಎದುರಿಗೆ ಹಸುವಿನ ಕೊಟ್ಟಿಗೆ. ಗಂಡ ಹೋದ ಮೇಲೆ ಬಾಡಿಗೆ, ಹಾಲು ಎರಡರಲ್ಲೇ ನನ್ನ ಸಂಸಾರ ನಡೆಯಿತು. ಆ ಹೊತ್ತಿಗೆ ಸುತ್ತಲಿನ ತೋಟಗಳೆಲ್ಲ ಗೋಡೌನು, ಫ್ಯಾಕ್ಟರಿ, ಗಾಜಿನ ಆಫೀಸು ಆಗುತ್ತಿದ್ದವು. ಅವನ್ನು ಕಟ್ಟಲು ಬಂದವರು ನನ್ನ ರೂಮುಗಳಲ್ಲಿದ್ದರು. ಹೆಚ್ಚಿನವರು ಯಾದಗಿರಿ, ಶಹಾಪುರದ ಕಡೆಯವರು. ನಿಂಗಣ್ಣನೂ ಅಲ್ಲಿಯವನೇ. ಅವನ ಹೆಂಡತಿ ರಾಜೇಶ್ವರಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಚೊಚ್ಚಲ ಹೆರಿಗೆ ಇಲ್ಲೇ ಆಗಲೆಂದು ಅತ್ತೆ ಭೀಮಬಾಯಿ ಊರಿನಿಂದ ಬಂದು ಮಗನ ರೂಮಿನಲ್ಲಿ ನಿಂತಳು. ಹೆಣ್ಣು ಮಗು ಹುಟ್ಟಿತು. ದುಂಡುದುಂಡಾಗಿ ಚೆನ್ನಾಗಿತ್ತು.

ಬಾಣಂತಿಗೆ ನೀರು ಕೊಡಬಾರದೆಂಬುದು ಭೀಮಬಾಯಿ ಒಬ್ಬಳ ಹುಚ್ಚಲ್ಲ. ನಮ್ಮ ಕಡೆಯೂ ಅಜ್ಜಿಯರ ಕಾಲದಲ್ಲಿ ಇತ್ತು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹಾಲು ತೆಳ್ಳಗಾಗುತ್ತದೆ, ತೆಳ್ಳನೆಯ ಹಾಲು ಕುಡಿದ ಮಗುವಿಗೆ ಥಂಡಿಯಾಗುತ್ತದೆ ಎಂಬ ಲೆಕ್ಕ. ಆದರೆ ನಮ್ಮಲ್ಲಿ ಬಾಣಂತಿ ಉಣ್ಣುವುದು ಮುದ್ದೆ, ಮೆಣಸಿನ ಸಾರು. ನೀರು ಬೇಡವೆಂದರೂ ತಟ್ಟೆಯಲ್ಲೇ ಅರ್ಧ ಚೊಂಬು ಒಳಗೆ ಹೋಗುತ್ತಿತ್ತು. ಭೀಮಬಾಯಿ ಕೊಡುತ್ತಿದ್ದುದು ಒಣ ಜೋಳದ ರೊಟ್ಟಿ, ತುಪ್ಪ, ಬೆಳ್ಳುಳ್ಳಿ ಖಾರ, ಅಂಟಿನುಂಡೆ. ಉಂಡ ಮೇಲೆ ಓಂಕಾಳು ಹಾಕಿ ಕುದಿಸಿದ ನೀರು, ದೇವರ ತೀರ್ಥಕ್ಕಿಂತ ಸ್ವಲ್ಪ ಜಾಸ್ತಿ, ಒಂದು ಸಣ್ಣ ಹಿತ್ತಾಳೆ ಬಟ್ಟಲಲ್ಲಿ. ಒಣಹುಲ್ಲು ತಿಂದ ಹಸು ಹಸಿಹುಲ್ಲು ತಿಂದ ಹಸುವಿಗಿಂತ ಎಷ್ಟು ಜಾಸ್ತಿ ನೀರು ಕೇಳುತ್ತದೆಂಬುದು ಕೊಟ್ಟಿಗೆ ಗುಡಿಸಿದವರಿಗೆಲ್ಲ ಗೊತ್ತು.

ಇನ್ನೊಂದು ತಪ್ಪು ಆಕೆಗೆ ಹೊಳೆಯಲೇ ಇಲ್ಲ. ಆಕೆಯ ಊರಿನ ಮನೆಗೆ ಮೊಳದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಬಾಣಂತಿ ಮಲಗುವ ಒಳಕೋಣೆ ತಣ್ಣಗಿರುತ್ತದೆ. ಅಲ್ಲಿ ಮಂಚದ ಕೆಳಗೆ ಕೆಂಡ ಇಟ್ಟರೆ ಹಿತವೇ. ನನ್ನ ರೂಮಿನದು ಸಿಮೆಂಟ್ ಶೀಟು, ಒಂದು ಕಿಟಕಿ. ಏಪ್ರಿಲ್‌ನಲ್ಲಿ ಬೆಳಗ್ಗೆ ಹತ್ತು ಗಂಟೆಗೆಲ್ಲ ಒಳಗೆ ರೊಟ್ಟಿ ಬೇಯಿಸಬಹುದು. ಅದರೊಳಗೆ ಆಕೆ ಅದೇ ಊರಿನ ಅಳತೆಯಲ್ಲಿ ಅಗ್ಗಿಷ್ಟಿಕೆ ಇಟ್ಟು, ಸೊಸೆಗೆ ಉಣ್ಣೆಯ ಸ್ಕಾರ್ಫು ಕಟ್ಟಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದಳು. ಬೆವರು ಇಳಿಯುತ್ತಿತ್ತು. ಬೆವರು ಎಲ್ಲಿಂದ ಬರಬೇಕು? ಮೈಯೊಳಗಿನ ನೀರೇ ತಾನೆ. ಹಾಲಿನ ಕ್ಯಾನಿನ ಮೇಲೆ ಒದ್ದೆ ಗೋಣಿ ಹಾಕಿದರೆ, ಗೋಣಿಯ ನೀರು ಆರಿಹೋಗುತ್ತ ಒಳಗಿನ ಹಾಲನ್ನು ತಂಪಾಗಿಡುತ್ತದೆ. ಗೋಣಿಗೆ ಮತ್ತೆ ಮತ್ತೆ ನೀರು ಚಿಮುಕಿಸುತ್ತಿರಬೇಕು, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಮೈಯೂ ಹಾಗೇ ತನ್ನ ಬೆವರಿನಿಂದ ತಾನೇ ತಂಪು ಮಾಡಿಕೊಳ್ಳುತ್ತದೆ. ಆ ಹುಡುಗಿಗೆ ಚಿಮುಕಿಸುವವರು ಇರಲಿಲ್ಲ.

ಮೊದಮೊದಲು ನಾನು ಬಾಯಿ ಹಾಕಲಿಲ್ಲ. ಬಾಡಿಗೆಯವರ ಅತ್ತೆ-ಸೊಸೆ ವಿಷಯಕ್ಕೆ ಹೋದ ಓನರು ಸುಖವಾಗಿರುವುದಿಲ್ಲ. ಆದರೆ ಅಂಗಳದಲ್ಲಿ ಬಟ್ಟೆ ಒಣಗಿಹಾಕುವ ತಂತಿ ಒಂದೇ. ಮಗು ಹುಟ್ಟಿದ ಹೊಸದರಲ್ಲಿ ಹಳೇ ಸೀರೆಯ ತುಂಡುಗಳು ತಂತಿ ತುಂಬ ಇರುತ್ತಿದ್ದವು. ಬರುಬರುತ್ತ ಅವು ಕಡಿಮೆಯಾದವು. ಬೆಳೆಯುವ ಮಗುವಿನ ಬಟ್ಟೆ ಜಾಸ್ತಿಯಾಗಬೇಕೇ ಹೊರತು ಕಡಿಮೆಯಾಗಬಾರದು. ಅಳುವೂ ಬದಲಾಗಿತ್ತು. ಹಸಿದ ಮಗುವಿನ ಅಳು ಕಿವಿ ಹರಿಯುವಂತಿರುತ್ತದೆ. ಇದು ಬಾಗಿಲು ಕಿರುಗುಟ್ಟಿದಂತೆ ಒಣಗಿ ಬರುತ್ತಿತ್ತು, ಬೇಗ ನಿಲ್ಲುತ್ತಿತ್ತು.

ಒಂದು ಬೆಳಗ್ಗೆ ಹಾಲು ಕರೆದು ಕರುವಿಗೆ ಬಕೆಟ್‌ನಲ್ಲಿ ನೀರಿಡುತ್ತಿದ್ದೆ. ರೂಮಿನ ಕಿಟಕಿಯಿಂದ ಪಿಸುದನಿ ಬಂತು. ರಾಜೇಶ್ವರಿ ಸರಳು ಹಿಡಿದು ನಿಂತಿದ್ದಳು. ತುಟಿ ಸಿಪ್ಪೆ ಎದ್ದಿತ್ತು, ನಾಲಗೆ ಬಿಳಿಚಿತ್ತು.

"ಅಮ್ಮಾ, ಕರಕ್ಕ ಇಟ್ಟ ನೀರರ ಒಂದೀಟ ಕೊಡ್ರಿ," ಅಂದಳು.

ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಸರಳಿನ ಸಂದಿಯಿಂದ ಕೊಟ್ಟೆ. ಆಕೆ ಎರಡು ಗುಟುಕು ಇಳಿಸುವಷ್ಟರಲ್ಲಿ ಭೀಮಬಾಯಿ ಬಚ್ಚಲಿನಿಂದ ಬಂದಳು. ಚೊಂಬು ಕಿತ್ತುಕೊಂಡು ನೀರನ್ನು ನನ್ನ ಕಾಲ ಬಳಿ ಚೆಲ್ಲಿದಳು. ಮಧ್ಯಾಹ್ನದ ಹೊತ್ತಿಗೆ ಆ ಕಿಟಕಿಗೆ ಸಿಮೆಂಟ್ ಚೀಲ ಹೊಡೆದಾಗಿತ್ತು. ಇದ್ದ ಒಂದು ಗಾಳಿಯೂ ನಿಂತಿತು.

ನಾನು ಕೇಳಲು ಹೋದೆ. ನಮ್ಮಿಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅದುವರೆಗೆ ಆಕೆ ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದಳು, ಒಟ್ಟಿಗೆ ಕೂತು ಎಲೆ-ಅಡಿಕೆ ಹಾಕುತ್ತಿದ್ದೆವು. ಹಾಲು ಎಲ್ಲಿಂದ ಬರುತ್ತದೆಂದು ತಿಳಿದಿದ್ದೀಯ ಅಂತ ಕೇಳಿದೆ. ದೊಡ್ಡ ಬಾಣಲಿಯಲ್ಲಿ ಹಾಲು ಇಟ್ಟು ಖೋವಾ ಕಾಯಿಸಿದರೆ ಕೊನೆಗೆ ಉಳಿಯುವುದು ಎರಡು ಹಿಡಿ; ಮಿಕ್ಕಿದ್ದೆಲ್ಲ ಹಬೆಯಾಗಿ ಹೋದ ನೀರು. ಅಷ್ಟು ನೀರನ್ನು ತಾಯಿ ಕುಡಿಯದೆ ಮಗುವಿಗೆ ಎಲ್ಲಿಂದ ಕೊಡುತ್ತಾಳೆ ಎಂದೆ.

ಭೀಮಬಾಯಿ ಕುಟ್ಟಾಣಿಯಲ್ಲಿ ಶುಂಠಿ ಕುಟ್ಟುತ್ತಿದ್ದಳು. ಕೈ ನಿಲ್ಲಿಸದೆ ಅಂದಳು: "ನಿಮ್ಮ ಹಾಲಿನಾಗ ನೀವು ನೀರ ಹಾಕಿದಂಗ ನನ್ನ ಸೊಸಿ ಹಾಲಿನಾಗೂ ಹಾಕಬೇಕಂತೀರೇನು?"

ಪಕ್ಕದ ರೂಮುಗಳ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹಾಲು ಮಾರುವವಳಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಆಕೆಗೆ ಅದು ಗೊತ್ತಿತ್ತು, ಗೊತ್ತಿದ್ದೇ ಅಂದಳು. ನಾನು ಎದ್ದು ಬಂದೆ. ಆದರೆ ಮನೆಗೆ ಬಂದು ಕೂತಾಗ ಸಿಟ್ಟಿನ ಜೊತೆಗೆ ಇನ್ನೊಂದು ವಿಷಯ ಹೊಳೆಯಿತು. ಆಕೆಯ ತಲೆಯಲ್ಲಿ ಇದ್ದುದು ಅದೇ: ಬಾಯಿಗೆ ಹಾಕಿದ ನೀರು ನೆಟ್ಟಗೆ ಎದೆಗೆ ಹೋಗಿ, ಕ್ಯಾನಿಗೆ ಸುರಿದಂತೆ, ಹಾಲಿನಲ್ಲಿ ಬೆರೆಯುತ್ತದೆ ಅಂತ.

ಆಕೆಯ ಹೆದರಿಕೆಗೆ ಕಾರಣವೂ ಇತ್ತು. ಹಿಂದೊಮ್ಮೆ ಎಲೆ-ಅಡಿಕೆ ಹಾಕುವಾಗ ನನಗೆ ಹೇಳಿದ್ದಳು. ಆಕೆಯ ಚೊಚ್ಚಲು ಗಂಡು ಮಗು. ಬಾಣಂತಿಯಾಗಿದ್ದಾಗ ದಾಹ ತಡೆಯಲಾರದೆ, ಯಾರೂ ಇಲ್ಲದ ಹೊತ್ತು ನೋಡಿ, ಬಾವಿಕಟ್ಟೆಯ ಕೊಡಕ್ಕೆ ಬಾಯಿ ಹಚ್ಚಿ ಕುಡಿದಳಂತೆ. ವಾರ ಕಳೆಯುವುದರೊಳಗೆ ಮಗು ಕೈಕಾಲು ಸೆಟೆದು ಎಳೆದುಕೊಂಡು ಎಳೆದುಕೊಂಡು ತೀರಿಹೋಯಿತು. ನೀನೇ ಕೊಂದೆ ಎಂದು ಆಕೆಯ ಅತ್ತೆ ಸಾಯುವ ತನಕ ಅಂದಳಂತೆ. ಅದಾದ ಮೇಲೆ ಹುಟ್ಟಿದವರು ನಿಂಗಣ್ಣ, ಬಸು ಇಬ್ಬರು. ಆ ಎರಡೂ ಬಾಣಂತನದಲ್ಲಿ ಆಕೆ ನೀರು ಮುಟ್ಟಲಿಲ್ಲ. ಇಬ್ಬರೂ ಬದುಕಿದರು. ಹೀಗಿರುವಾಗ ಯಾರು ಏನು ಹೇಳಿದರೆ ಆಕೆ ನಂಬಿಯಾಳು?

ನನ್ನ ತಮ್ಮ ಮುನಿರಾಜಪ್ಪನ ಮಗಳು ಮೋನಿಷಾ ಆಗ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಮಾರನೇ ಬೆಳಗ್ಗೆ ನೈಟ್ ಡ್ಯೂಟಿ ಮುಗಿಸಿ ಹೋಗುವವಳನ್ನು ಕರೆದು ಮಗುವನ್ನು ತೋರಿಸಿದೆ. ಬೇರೆ ಮನೆಯವರು ಬಂದರೆ ಬಾಗಿಲು ಹಾಕುವಷ್ಟು ಭೀಮಬಾಯಿ ಒರಟಲ್ಲ. ಮೋನಿಷಾ ಮಗುವಿನ ನೆತ್ತಿ ಸವರಿದಳು. ಅಲ್ಲಿ ಬೆರಳು ಕೂರುವಷ್ಟು ಗುಳಿ. ಹೊಟ್ಟೆಯ ಚರ್ಮ ಮೆಲ್ಲಗೆ ಹಿಡಿದು ಬಿಟ್ಟಳು. ಮಡಿಕೆ ತಕ್ಷಣ ಇಳಿಯಲಿಲ್ಲ. ಉಚ್ಚೆ ಯಾವಾಗ ಹೊಯ್ದಿತ್ತೆಂದು ಕೇಳಿದಳು. ನೆನ್ನೆ ಮಧ್ಯಾಹ್ನ ಅಂದಳು ರಾಜೇಶ್ವರಿ. ಕಣ್ಣೀರು ಬರುವಂಥ ಮಾತು, ಆದರೆ ಅವಳ ಕಣ್ಣಿನಲ್ಲೂ ನೀರಿರಲಿಲ್ಲ.

ಮೋನಿಷಾ ನಿಂಗಣ್ಣನನ್ನು ಹೊರಗೆ ಕರೆದು ಬಿಡಿಸಿ ಹೇಳಿದಳು. ಆ ಬೆಂಕಿ ತೆಗೀರಿ, ಕಿಟಕಿ ತೆಗೀರಿ, ತಾಯಿಗೆ ಕುದಿಸಿ ಆರಿಸಿದ ನೀರು ಕೇಳಿದಷ್ಟು ಕೊಡಿ, ಮಗುವನ್ನು ಮತ್ತೆ ಮತ್ತೆ ಎದೆಗೆ ಹಚ್ಚಿ.

"ಸಾಯಂಕಾಲದೊಳಗೆ ಉಚ್ಚೆ ಮಾಡ್ಲಿಲ್ಲ ಅಂದ್ರೆ ಕೂರಬೇಡಿ ಅಣ್ಣ, ಆಟೋ ಹಿಡ್ಕೊಂಡು ಆಸ್ಪತ್ರೆಗೆ ಬನ್ನಿ. ಡ್ರಿಪ್ ಹಾಕ್ಬೇಕಾಗತ್ತೆ. ತಡ ಮಾಡಿದ್ರೆ ಮಗು ಉಳಿಯಲ್ಲ."

ನಿಂಗಣ್ಣ ಹೂಂಗುಟ್ಟಿದ. ಒಳಗೆ ಹೋಗಿ ತಾಯಿಯ ಮುಂದೆ ನಿಂತ, ಬಾಯಿ ಬರಲಿಲ್ಲ. ಐದಂತಸ್ತಿನ ಮೇಲೆ ಬರಿಗಾಲಲ್ಲಿ ಕಂಬಿ ಮೇಲೆ ನಡೆಯುವ ಗಂಡಸು. ಭೀಮಬಾಯಿಯೇ ಮಾತಾಡಿದಳು: ಮದುವೆಯಾಗದ ಹುಡುಗಿ ಹಡೆದವರಿಗೆ ಬುದ್ಧಿ ಹೇಳುವುದೆಂದರೆ ಏನು? ಹಾಲು ಸಾಲದಿದ್ದರೆ ಮೇಲುಹಾಲು ಹಾಕೋಣ. ಆಮೇಲೆ ನನ್ನ ಕಡೆ ತಿರುಗಿ, ಅದಕ್ಕೇ ಅಲ್ಲವೇ ನಿನ್ನ ಉಪಚಾರ, ನಾಳೆಯಿಂದ ಅರ್ಧ ಲೀಟರು ಜಾಸ್ತಿ ಮಾರಬಹುದು ಅಂದಳು. ಅಷ್ಟು ದಿನ ಬಹುವಚನದಲ್ಲಿದ್ದವಳು ಅಂದು ಏಕವಚನಕ್ಕೆ ಇಳಿದಳು.

ನನಗೆ ರೇಗಿತು. ಮಾರುವುದಷ್ಟೇ ಬೇಕಿದ್ದರೆ ಸುಮ್ಮನಿರುತ್ತಿದ್ದೆ, ಅವಳ ಎದೆ ಬತ್ತಲಿ, ನನ್ನ ಹಾಲು ಓಡಲಿ ಅಂತ. ಇನ್ನು ಬಾಯಿ ಮಾತು ಬೇಡವೆಂದು ಮನೆಗೆ ಹೋಗಿ ಮೀಟರ್ ತಂದೆ.

ಹಾಲಿನ ಮೀಟರ್ ಎಂದರೆ ಗಾಜಿನ ಕಡ್ಡಿ, ಕೆಳಗೆ ಬುರುಡೆ, ಮೈಮೇಲೆ ಗೆರೆ. ಹಾಲಿಗೆ ಬಿಟ್ಟರೆ ತೇಲುತ್ತದೆ. ಗಟ್ಟಿ ಹಾಲಿನಲ್ಲಿ ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತ ಹೋಗುತ್ತದೆ. ಹಾಲಿನ ಸೊಸೈಟಿಯವನೊಬ್ಬ ನನ್ನ ಒಳ್ಳೆಯ ಹಾಲಿಗೆ ಕಡಿಮೆ ಡಿಗ್ರಿ ಬರೆಯುತ್ತಿದ್ದಾನೆಂದು ಅನುಮಾನ ಬಂದಾಗ ನಾನೇ ಶಿವಾಜಿನಗರಕ್ಕೆ ಹೋಗಿ ಒಂದನ್ನು ಕೊಂಡು, ಅವನ ಟೇಬಲ್ಲಿನ ಮೇಲೆ ಅವನ ಕಡ್ಡಿಯ ಪಕ್ಕದಲ್ಲೇ ಇಳಿಬಿಟ್ಟಿದ್ದೆ. ಅಂದಿನಿಂದ ಅದು ನನ್ನ ಬೀರುವಿನಲ್ಲಿತ್ತು.

ಅಂಗಳದ ಮಧ್ಯೆ ಪೀಠ ಇಟ್ಟು, ಬೆಳಗಿನ ಹಾಲನ್ನು ಉದ್ದನೆ ಪಾತ್ರೆಗೆ ಹಾಕಿದೆ. ಕರೆದ ಹಾಲಿನಲ್ಲಿ ನೊರೆಯಿದ್ದರೆ, ಬಿಸಿಯಿದ್ದರೆ ಕಡ್ಡಿ ಸುಳ್ಳು ಹೇಳುತ್ತದೆ. ಇದು ಆರಿ ತಣ್ಣಗಾಗಿತ್ತು. ರೂಮಿನವರೆಲ್ಲ ಸುತ್ತ ನಿಂತರು. ಬಾಣಂತಿ ಬಾಗಿಲಾಚೆ ಮಂಚದ ಮೇಲೆ ಕೂತು ನೋಡುತ್ತಿದ್ದಳು, ಹೊಸ್ತಿಲು ದಾಟುವಂತಿಲ್ಲ. ಭೀಮಬಾಯಿಯನ್ನು ಕರೆದೆ. ನೀರು ಹಾಕಿದ ಹಾಲು ಯಾವುದು, ನೀರು ಕುಡಿದ ಹಸುವಿನ ಹಾಲು ಯಾವುದು, ಬಂದು ನೋಡು ಅಂದೆ.

"ಕಡ್ಡಿ ನಿಂದು, ಆಕಳ ನಿಂದು, ಮಾತೂ ನಿಂದು. ನಾ ಏನ್ ನೋಡ್ಲಿ?" ಅಂದಳು.

"ಕಡ್ಡಿ ನೀನೇ ಬಿಡು. ನಾನು ದೂರ ನಿಂತ್ಕೊಂಡೆ, ನೋಡು."

ಆಕೆ ಬಂದಳು. ಜಗಳದಲ್ಲಿ ಹಿಂದೆ ಸರಿಯುವವಳಲ್ಲ, ಮೋಸ ಮಾಡುವವಳೂ ಅಲ್ಲ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಇಳಿಬಿಟ್ಟಳು. ಅದು ಕುಣಿದು ಕುಣಿದು ಇಪ್ಪತ್ತೆಂಟರ ಗೆರೆಯಲ್ಲಿ, ನೀರು ಬೆರೆಯದ ಹಾಲಿನ ಗೆರೆಯಲ್ಲೇ, ನಿಂತಿತು. ಈ ಹಸು ನೆನ್ನೆಯಿಂದ ಎಷ್ಟು ಬಕೆಟ್ ನೀರು ಕುಡಿಯಿತೆಂದು ನೀನೇ ಬಾಗಿಲಲ್ಲಿ ಕೂತು ನೋಡಿದ್ದೀಯ, ಆ ನೀರೆಲ್ಲ ಹಾಲಿನಲ್ಲಿ ಬೆರೆತಿದ್ದರೆ ಕಡ್ಡಿ ಮುಳುಗಬೇಕಿತ್ತಲ್ಲ ಎಂದು ಕೇಳಿದೆ. ಈಗ ಮೇಲಿನಿಂದ ಸ್ವಲ್ಪ ನೀರು ಹಾಕು ಅಂದೆ. ಆಕೆ ಒಂದು ಲೋಟ ಸುರಿದಳು. ಕಡ್ಡಿ ಕಣ್ಣೆದುರಿಗೇ ಕೆಳಗಿಳಿಯಿತು.

"ಕ್ಯಾನಿಗೆ ಸುರಿದ ನೀರು ಬೇರೆ, ಬಾಯಿಗೆ ಹೋದ ನೀರು ಬೇರೆ ಕಣೆ ಭೀಮಬಾಯಿ," ಅಂದೆ. "ಮೈ ಅನ್ನೋದು ಅದನ್ನ ಅಳೆದು ಅಳೆದು ತಗೊಳತ್ತೆ. ರಕ್ತಕ್ಕೆಷ್ಟು, ಬೆವರಿಗೆಷ್ಟು, ಹಾಲಿಗೆಷ್ಟು ಅಂತ. ಮಿಕ್ಕಿದ್ದು ಉಚ್ಚೆ. ಒಂದು ಬೇಸಿಗೇಲಿ ಮೋಟಾರು ಸುಟ್ಟು ನಮ್ಮ ಹಸುಗೆ ನೀರು ಸಾಲ್ಲಿಲ್ಲ. ಹಾಲು ಗಟ್ಟಿಯಾಗಲಿಲ್ಲ, ಹಾಲೇ ನಿಂತೋಯ್ತು."

ಭೀಮಬಾಯಿ ಕಡ್ಡಿಯನ್ನು ಎತ್ತಿ ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಕಂಡದ್ದನ್ನು ಸುಳ್ಳೆನ್ನಲಿಲ್ಲ.

"ಆಕಳ ಹಾಲ ಹಂಗ ಇರಬಹುದು," ಅಂದಳು. "ನನ್ನ ಸೊಸಿ ಆಕಳಲ್ಲ. ನಾ ಒಂದ್ ಕೂಸ ಮಣ್ಣ ಮಾಡೀನಿ. ಇನ್ನೊಂದ ಮಾಡಾಂಗಿಲ್ಲ."

ಅಲ್ಲಿಗೆ ನಾನು ಸೋತೆ. ಇದಕ್ಕೆ ಯಾವ ಮೀಟರ್ ಇಡಲಿ? ಪಾತ್ರೆ ಎತ್ತಿಕೊಂಡು ಹೊರಟೆ. ಆಗ ಹೊಸ್ತಿಲ ಬಳಿ ಸದ್ದಾಯಿತು.

ರಾಜೇಶ್ವರಿ ಮಗುವನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಸ್ಕಾರ್ಫು ಬಿಚ್ಚಿ ಮಂಚದ ಮೇಲೆ ಎಸೆದಿದ್ದಳು, ಕೂದಲು ಬೆವರಿಗೆ ಹಣೆಗಂಟಿತ್ತು. ಎಲ್ಲರೂ ನೋಡುತ್ತಿದ್ದಂತೆ ಹೊಸ್ತಿಲು ದಾಟಿ ಬಿಸಿಲಿಗೆ ಇಳಿದಳು. ನೆಟ್ಟಗೆ ಅತ್ತೆಯ ಹತ್ತಿರ ಬಂದು ಮಗುವನ್ನು ಆಕೆಯ ತೋಳಿಗೆ ಕೊಟ್ಟಳು. ಭೀಮಬಾಯಿ ಏನೆಂದು ತಿಳಿಯದೆ ತೆಗೆದುಕೊಂಡಳು. ಸೊಸೆ ನನ್ನ ಜಗಲಿಯ ಕಡೆ ನಡೆದಳು. ಮೋನಿಷಾ ಹೇಳಿಹೋದ ಮೇಲೆ ನಾನು ನೀರು ಕುದಿಸಿ ಆರಿಸಿ ಅಲ್ಲಿ ಮಡಕೆಯಲ್ಲಿಟ್ಟಿದ್ದೆ, ಕೊಡಲು ಬಿಟ್ಟರೆ ಕೊಡೋಣವೆಂದು.

"ರಾಜಿ, ಒಳಗ ನಡಿ," ಅಂದಳು ಭೀಮಬಾಯಿ. ದನಿ ಎತ್ತರಿಸಲಿಲ್ಲ. ನಿಂಗಣ್ಣನೂ ಅದನ್ನೇ ಅಂದ, ಇನ್ನೂ ಮೆಲ್ಲಗೆ.

ರಾಜೇಶ್ವರಿ ಮಡಕೆಯ ಮುಚ್ಚಳ ತೆಗೆದು ಲೋಟ ಅದ್ದಿದಳು. ನಮ್ಮ ಅಂಗಳದಲ್ಲಿದ್ದ ಇಷ್ಟು ತಿಂಗಳಲ್ಲಿ ಆ ಹುಡುಗಿ ಜೋರಾಗಿ ಒಂದು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಅತ್ತಿ, ನಿಮ್ಮ ಕೂಸ ನೀರಿಂದ ಸತ್ತದೋ ಇನ್ಯಾತರಿಂದ ಸತ್ತದೋ ನನಗ ಗೊತ್ತಿಲ್ಲ. ನನ್ನ ಕೂಸ ನೀರ ಇಲ್ದ ಸಾಯಾಕತ್ತದ."

"ಕುಡಿ ಹಂಗಾದ್ರ. ಏನರ ಆದ್ರ ನಿನ್ನ ಕೈಲೇ ಮಣ್ಣ ಹಾಕಸ್ತೀನಿ."

"ಹಾಕ್ತೀನಿ," ಅಂದಳು. "ನನ್ನ ಕೈಲೇ ಹಾಕ್ತೀನಿ. ಆದ್ರ ನೀರ ಕುಡದ ಹಾಕ್ತೀನಿ."

ಕುಡಿದಳು. ಅತ್ತೆಯನ್ನು ನೋಡುತ್ತಲೇ ಕುಡಿದಳು. ಎರಡನೇ ಲೋಟ ಗಟಗಟ ಎತ್ತಿದಾಗ ನಾನು ಹೋಗಿ ಕೈ ಹಿಡಿದೆ. ಬಿಸಿಲಿನಲ್ಲಿ ಬೆಂದು ಬಂದ ದನಕ್ಕೂ ಒಂದೇ ಸಲ ಬಕೆಟ್ ಒಡ್ಡಬಾರದು. ಬೆವರು ನೀರೊಂದನ್ನೇ ಅಲ್ಲ, ಉಪ್ಪನ್ನೂ ಕರಗಿಸಿಕೊಂಡು ಹೋಗಿರುತ್ತದೆ. ಒಂದು ಚಿಟಿಕೆ ಉಪ್ಪು, ಒಂದು ಚೂರು ಬೆಲ್ಲ ಹಾಕಿ ಕಲಸಿ, ಗುಟುಕು ಗುಟುಕಾಗಿ ಕುಡಿ, ಓಡಿಹೋಗುವುದಿಲ್ಲ ಅಂದೆ. ಜಗಲಿಯ ನೆರಳಿನಲ್ಲಿ ಗೋಡೆಗೆ ಒರಗಿ ಕೂತಳು. ಮಗುವಿಗೆ ಕೈ ಚಾಚಿದಳು.

ಭೀಮಬಾಯಿ ಕೊಡಲಿಲ್ಲ. ಅಂಗಳದ ಮಧ್ಯೆ ಮಗುವನ್ನು ಅವುಚಿಕೊಂಡು ನಿಂತೇ ಇದ್ದಳು. ಕೊನೆಗೆ ನಿಂಗಣ್ಣ ಅಲುಗಾಡಿದ. ತಾಯಿಯ ಮುಖ ನೋಡದೆ ರೂಮಿನೊಳಗೆ ಹೋಗಿ, ಅಗ್ಗಿಷ್ಟಿಕೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ತಂದು ತಿಪ್ಪೆಯ ಪಕ್ಕ ಇಟ್ಟ. ಮತ್ತೆ ಹೋಗಿ ಕಿಟಕಿಯ ಚೀಲ ಕಿತ್ತ. ಮೊಳೆಗಳು ಒಂದೊಂದಾಗಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ತಾಯಿಯ ತೋಳಿನಿಂದ ಮಗುವನ್ನು ತೆಗೆದು ಹೆಂಡತಿಗೆ ಕೊಟ್ಟ.

ಅಂದು ಅವನು ಕೆಲಸಕ್ಕೆ ಹೋಗಲಿಲ್ಲ. ಆಟೋಗೆ ದುಡ್ಡು ಜೇಬಿನಲ್ಲಿಟ್ಟುಕೊಂಡು ಅಂಗಳದಲ್ಲೇ ಕೂತ. ರಾಜೇಶ್ವರಿ ನನ್ನ ಜಗಲಿ ಬಿಟ್ಟು ಏಳಲಿಲ್ಲ. ನೀರು, ಗಂಜಿ, ಸಾರಿನ ತಿಳಿ, ಏನು ಕೊಟ್ಟರೂ ಕುಡಿದಳು. ಮಗುವನ್ನು ಎದೆಗೆ ಹಚ್ಚಿದಳು, ಬಿಡಿಸಿದಳು, ಮತ್ತೆ ಹಚ್ಚಿದಳು. ನೀರು ಕುಡಿದ ಕೂಡಲೇ ನಲ್ಲಿ ತಿರುಗಿಸಿದಂತೆ ಹಾಲು ಬರುವುದಿಲ್ಲ. ಮೈ ಮೊದಲು ತನ್ನ ಬಾಕಿ ತೀರಿಸಿಕೊಳ್ಳುತ್ತದೆ. ರಕ್ತ ತೆಳುವಾಗಬೇಕು, ನಾಲಗೆ ಒದ್ದೆಯಾಗಬೇಕು, ಆಮೇಲೆ ಉಳಿದದ್ದು ಮಗುವಿಗೆ. ಮಧ್ಯಾಹ್ನ ಮಗು ಚೀಪಿ ಚೀಪಿ ಸುಸ್ತಾಗಿ ಕಣ್ಣು ಮುಚ್ಚಿತು. ತುಟಿ ಒಣಗಿಯೇ ಇತ್ತು. ನಾನೂ ಒಳಗೊಳಗೆ ಹೆದರಿದೆ. ಏನಾದರೂ ಆದರೆ ಇಡೀ ಪಾಳ್ಯ ಬೊಟ್ಟು ಮಾಡುವುದು ಆ ಹುಡುಗಿಯ ಕಡೆ, ಆಮೇಲೆ ನನ್ನ ಕಡೆ. ಮೂವತ್ತು ವರ್ಷದ ಹಿಂದೆ ಒಬ್ಬಳಿಗೆ ಅಂದದ್ದನ್ನೇ ಇವಳಿಗೂ ಅನ್ನುತ್ತಾರೆ.

ನಾಲ್ಕರ ಹೊತ್ತಿಗೆ ರಾಜೇಶ್ವರಿಗೆ ಎದೆ ಬಿಗಿದಂತಾಯಿತು. ಮಗು ಕುಡಿಯುವಾಗ ಗುಟುಕು ನುಂಗುವ ಸದ್ದು ನನಗೂ ಕೇಳಿಸಿತು. ಅದಕ್ಕೂ ಮೊದಲು ಬರೀ ಚೀಪುವ ಸದ್ದಿತ್ತು. ಐದೂವರೆಗೆ ನಿಂಗಣ್ಣ ಎದ್ದು ಚಪ್ಪಲಿ ಮೆಟ್ಟಿದ. ಇನ್ನು ಕಾಯುವುದು ಬೇಡ, ಆಟೋ ತರುತ್ತೇನೆ ಅಂದ. ಹೊರಡಲು ಅಣಿಯಾಗಲೆಂದು ರಾಜೇಶ್ವರಿ ಸೀರೆ ಸರಿ ಮಾಡಿಕೊಳ್ಳುವಾಗ, ಮಗುವನ್ನು ಹಿಡಿಯಲು ಹತ್ತಿರ ಬೇರೆ ಯಾರೂ ಇರಲಿಲ್ಲ, ನಾನು ಕೊಟ್ಟಿಗೆಯಲ್ಲಿದ್ದೆ. ಭೀಮಬಾಯಿ ಕೂತಲ್ಲಿಂದ ಎದ್ದು ಬಂದು ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡಳು. ಆ ಮಡಿಲಿನಲ್ಲೇ ಮಗು ಉಚ್ಚೆ ಹೊಯ್ದಿತು. ಸ್ವಲ್ಪವೇ, ಹಳದಿ ಬಣ್ಣದ್ದು. ಭೀಮಬಾಯಿ ಒದ್ದೆಯಾದ ಸೀರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನಿಂಗಣ್ಣನಿಗೆ, ಚಪ್ಪಲಿ ಬಿಡು ಅಂದಳು. ಅಷ್ಟೇ ಅಂದದ್ದು.

ಆದರೂ ನಿಂಗಣ್ಣ ಆಟೋ ತಂದ. ಮೋನಿಷಾ ಮಗುವನ್ನು ನೋಡಿ, ತೂಗಿ, ಡ್ರಿಪ್ ಬೇಡ, ಹೀಗೇ ನಡೆಸಿ ಎಂದು ಡಾಕ್ಟರರಿಂದಲೂ ಹೇಳಿಸಿ ಕಳಿಸಿದಳು. ಎರಡು ದಿನದಲ್ಲಿ ತಂತಿ ಮತ್ತೆ ಸೀರೆಯ ತುಂಡುಗಳಿಂದ ತುಂಬಿತು. ನೆತ್ತಿಯ ಗುಳಿ ಏರಿತು. ಅಳು ಕಿವಿ ಹರಿಯುವಂತಾಯಿತು. ಪಕ್ಕದ ರೂಮಿನವರು ನಿದ್ದೆ ಕೆಟ್ಟಿತೆಂದು ದೂರುವಷ್ಟು. ಮಗುವಿಗೆ ಥಂಡಿಯಾಗಲಿಲ್ಲ. ರಾಜೇಶ್ವರಿಗೆ ಹೊಟ್ಟೆಯೂ ಬರಲಿಲ್ಲ.

ಇದರಿಂದ ಭೀಮಬಾಯಿ ಮನಸ್ಸು ಬದಲಾಯಿಸಿ ಸೊಸೆಗೆ ತಾನೇ ನೀರು ಕೊಟ್ಟಳೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಮಗು ಚೇತರಿಸಿಕೊಂಡಷ್ಟೂ ಆಕೆ ಬಾಯಿ ಬಿಗಿದುಕೊಂಡಳು. ನನಗೆ ಅದು ಅರ್ಥವಾಯಿತು. ಈ ಮಗು ನೀರಿನಿಂದ ಉಳಿಯಿತೆಂದರೆ, ಆಕೆಯ ಆ ಮಗು ನೀರಿನಿಂದ ಸಾಯಲಿಲ್ಲ ಅಂತಾಯಿತು. ಸುಮ್ಮಸುಮ್ಮನೆ ಮೂವತ್ತು ವರ್ಷ ಬೈಸಿಕೊಂಡೆನೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಬಾವಿಯ ನೀರು ಕೆಟ್ಟಿತ್ತೋ, ಮಗುವಿನ ಹೊಕ್ಕುಳು ಕೊಯ್ದ ಕುಡುಗೋಲು ಕೆಟ್ಟಿತ್ತೋ, ಯಾರಿಗೆ ಗೊತ್ತು. ಒಮ್ಮೆ ಆಕೆಗೆ ಹಾಗೆ ಹೇಳಿ ನೋಡಿದೆ. ಎದ್ದು ಹೋದಳು.

ಹೆಸರಿಡುವ ಶಾಸ್ತ್ರ ಮುಗಿದ ಮೇಲೆ ಆಕೆ ಟ್ರಂಕು ಕಟ್ಟಿ, ಮರ್ಫಿ ಟೌನಿನಲ್ಲಿದ್ದ ಕಿರಿಮಗ ಬಸುವಿನ ರೂಮಿಗೆ ಹೊರಟಳು. ನಿಂಗಣ್ಣ ಬಸ್‌ಸ್ಟಾಪಿನವರೆಗೂ ಟ್ರಂಕು ಹೊತ್ತು ಹೋಗಿ, ಇಡೀ ದಾರಿ ಬೇಡಿಕೊಂಡನಂತೆ. ರಾಜೇಶ್ವರಿ ಕಾಲಿಗೆ ಬಿದ್ದಳು, ಇರಿ ಅಂದಳು. ಆದರೆ ತಪ್ಪಾಯಿತು ಅನ್ನಲಿಲ್ಲ. ಆ ಒಂದು ಮಾತು ಅಂದಿದ್ದರೆ ಭೀಮಬಾಯಿ ಇರುತ್ತಿದ್ದಳು, ನನಗೆ ಗೊತ್ತು. ಹಾಗೆಂದು ಒಳಗೆ ಕರೆದು ಹೇಳಿಯೂ ಹೇಳಿದೆ, ಒಂದು ಮಾತಿಗೆ ಏನು ಹೋಗುತ್ತದೆ ಎಂದು.

"ತಪ್ಪ ಆಗಿಲ್ರಿ ಅಮ್ಮಾ," ಅಂದಳು. "ಆಗ್ಲಾರದ್ದು ಹ್ಯಾಂಗ್ ಅನ್ಲಿ?"

ಬಾಣಂತನ ಅರ್ಧಕ್ಕೆ ನಿಂತಿತು. ಎಣ್ಣೆ ನೀರು ಎರೆಯುವವರಿಲ್ಲ, ನಡು ಕಟ್ಟುವವರಿಲ್ಲ. ಮಗುವನ್ನು ಜೋಳಿಗೆಯಲ್ಲಿ ಹಾಕಿ, ಅವಳೇ ನೀರು ಹೊತ್ತಳು, ಅವಳೇ ಒಗೆದಳು, ರೊಟ್ಟಿ ಬಡಿದಳು. ಆದಷ್ಟು ನಾನೂ ಮಾಡಿದೆ. ಆದರೆ ನನ್ನ ಹಿಂದೆ ಹಸುಗಳಿದ್ದವು. ಭೀಮಬಾಯಿಯ ಊರಿನವರಾದ ಎರಡು ರೂಮಿನವರು, ಹಿರಿಯಳಿಗೆ ಅವಮಾನ ಮಾಡಿಸಿದ ಓನರು ಬೇಡವೆಂದು ಖಾಲಿ ಮಾಡಿ ಹೋದರು. ಮನೆ ಒಡೆಯುವ ಹಾಲಿನವಳು ಎಂದು ಪಾಳ್ಯದಲ್ಲಿ ಸ್ವಲ್ಪ ದಿನ ಹೆಸರಾಯಿತು.

ಅದಾಗಿ ಒಂಬತ್ತು ವರ್ಷವಾಯಿತು. ನಿಂಗಣ್ಣನ ಸಂಸಾರ ಈಗ ಮಹದೇವಪುರದ ಕಡೆ ಬೇರೆ ಮನೆಯಲ್ಲಿದೆ. ಭೀಮಬಾಯಿ ಹೋದ ವರ್ಷ ಊರಿನಲ್ಲಿ ತೀರಿಕೊಂಡಳು. ಹಬ್ಬಕ್ಕೆ ಮೊಮ್ಮಗಳನ್ನು ಕರೆಸಿಕೊಂಡು ಬಟ್ಟೆ ಕೊಡಿಸುತ್ತಿದ್ದಳು, ಸೊಸೆಯ ಮನೆಯ ಮೆಟ್ಟಿಲು ಹತ್ತಲಿಲ್ಲ.

ಆ ಬೇಸಿಗೆಯಲ್ಲಿ ನನಗೆ ಎರಡು ರೂಮಿನ ಬಾಡಿಗೆ ಹೋಯಿತು, ಎಲೆ-ಅಡಿಕೆಗೆ ಜೊತೆಯಾಗಿದ್ದವಳು ಹೋದಳು. ರಾಜೇಶ್ವರಿಗೆ ನಡುನೋವು ಉಳಿಯಿತು, ಅತ್ತೆ ಉಳಿಯಲಿಲ್ಲ. ಮಗು ಉಳಿದಳು. ಈಗ ನಾಲ್ಕನೇ ಕ್ಲಾಸು ಓದುತ್ತಿದ್ದಾಳೆ.